ಬಳಿಗೊಂದು ಹೆಣ್ಣು

ರೌಸ್ ಹಿಲ್, ಸಿಡ್ನಿ
16 ಮೇ 2025, ಶುಕ್ರವಾರ

ಮುದ್ದು ದೀಕ್ಷು,

ನೀನು ಫೋನ್ ಎತ್ತುತ್ತಿಲ್ಲ. ಮೆಸೇಜ್ ಓದಿದರೂ ಉತ್ತರಿಸುತ್ತಿಲ್ಲ. ಹಾಗಾಗಿ ಈ ಪತ್ರ. ತುಳುವಿನಲ್ಲಿ ಜಗಳವಾಡಿ ಕನ್ನಡದಲ್ಲಿ ರಾಜಿಯಾಗುವುದು ನಮ್ಮಿಬ್ಬರ ಅಭ್ಯಾಸ. ಈ ಸಲ ಕನ್ನಡದಲ್ಲೂ ಜಗಳವೇ.

ಈ ತಿಂಗಳ ಮೊದಲಲ್ಲಿ ನೀನು ಹೇಳಿದ್ದು ಇಷ್ಟು: ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ನೋಡುವ ಕಿಟ್ ತರಿಸಿ ಬೆರಳಿನ ರಕ್ತ ಕಳಿಸಿದೆ, ಗಂಡು ಎಂದು ರಿಪೋರ್ಟ್ ಬಂತು, ತೆಗೆಸಲು ಇಪ್ಪತ್ತೆರಡಕ್ಕೆ ಕ್ಲಿನಿಕ್ ಬುಕ್ ಮಾಡಿದ್ದೇನೆ. ಕಾರು ಸರ್ವಿಸಿಗೆ ಬಿಡುವವರ ಹಾಗಿತ್ತು ನಿನ್ನ ಧ್ವನಿ. ಕೊನೆಯಲ್ಲಿ ಮಾತ್ರ, "ಅಕ್ಕಾ, ಮೂರನೆಯದು ನಂಗೆ ಭಾರ ಅಲ್ಲ. ಭುವನ್, ತೇಜಸ್ ಒಟ್ಟಿಗೆ ಇದೂ ಒಂದು ಕುಣೀತದೆ, ಅಷ್ಟೇ. ಆದ್ರೆ ಅಮ್ಮನ ಮುಖ ಹೇಗೆ ನೋಡುದು?" ಅಂದೆ. ನಾನು ಏನೋ ಸಮಾಧಾನ ಹೇಳಹೊರಟರೆ, "ನಿನ್ನ ಕವಿತೆ ಬೇಡ ಮಾರಾಯ್ತಿ, ಉಪಾಯ ಉಂಟಾದ್ರೆ ಹೇಳು" ಎಂದು ಫೋನ್ ಇಟ್ಟೆ.

ಉಪಾಯ ಇಲ್ಲ. ಹೇಳಬೇಕಾದದ್ದು ಇದೆ.

ನಮ್ಮಲ್ಲಿ ಬಳಿ, ಅಂದರೆ ಕುಲ, ನಡೆಯುವುದು ಹೆಣ್ಣಿನಿಂದ ಹೆಣ್ಣಿಗೆ. ಅಮ್ಮನಿಗೆ ನಾವಿಬ್ಬರೇ. ನನಗೆ ಇರುವ ಒಬ್ಬನೇ ವಿಕ್ರಮ್, ನಿನಗೆ ಇಬ್ಬರೂ ಗಂಡು. ಅವರ ಮಕ್ಕಳೆಲ್ಲ ಅವರವರ ತಾಯಂದಿರ ಬಳಿಗೆ ಸೇರುತ್ತಾರೆ. ಅಮ್ಮನ ಸಂಕಟ ಸುಳ್ಳಲ್ಲ. ಬೇರೆಯವರು ಗಂಡು ಬೇಕೆಂದು ಏನೇನೋ ಮಾಡಿದ ಸುದ್ದಿ ಓದಿದಾಗಲೆಲ್ಲ ನಾವು ಎಷ್ಟು ಬೀಗಿದ್ದೆವು! ನಮ್ಮವರಿಗೆ ಹೆಣ್ಣೆಂದರೆ ಹಬ್ಬ, ನಮ್ಮಲ್ಲಿ ಆ ಪಾಪವಿಲ್ಲ ಎಂದು. ಊರಿನ ಸ್ಕ್ಯಾನಿಂಗ್ ಸೆಂಟರಿನಲ್ಲಿ ಲಿಂಗ ಪತ್ತೆ ಅಪರಾಧ ಎಂಬ ಬೋರ್ಡ್ ನೋಡಿ, ಇದು ನಮಗಲ್ಲ ಎಂದುಕೊಂಡವರು ನಾವು. ನಮಗೂ ಹೌದು ದೀಕ್ಷು. ಹೆಣ್ಣು ಬೇಕು ಎನ್ನುವುದು ಕೇಳಲು ಎಷ್ಟು ಚಂದ! ಆದರೆ ನಿನ್ನ ಹೊಟ್ಟೆಯಲ್ಲಿರುವುದಕ್ಕೆ ಅದು ಬೇರೆಯೇ ರೀತಿ ಕೇಳಿಸುತ್ತದೆ.

ನಿನಗೇ ಬೇಡವೆಂದಾದರೆ ಬೇರೆ ಮಾತು. ದೇಹ ಸೋತಿದೆ, ಕೆಲಸ ಬಿಡಲಾಗದು, ಮಾರ್ಟ್‌ಗೇಜ್ ಕುತ್ತಿಗೆಗೆ ಬಂದಿದೆ, ಅಥವಾ ಯಾವ ಕಾರಣವೂ ಇಲ್ಲದೆ ಸುಮ್ಮನೆ ಬೇಡ. ಹಾಗಿದ್ದರೆ ನಾನೇ ಕ್ಲಿನಿಕ್‌ಗೆ ಕಾರು ಓಡಿಸುತ್ತೇನೆ, ಬಂದು ಕುಚ್ಚಲಕ್ಕಿ ಗಂಜಿ ಮಾಡಿ ಬಡಿಸುತ್ತೇನೆ, ಯಾಕೆಂದು ಕೇಳುವುದಿಲ್ಲ. ಆದರೆ ಬಳಿಗಾಗಿ ಹೋಗುವುದಾದರೆ ಬಾಗಿಲಿಗೆ ಅಡ್ಡ ನಿಲ್ಲುತ್ತೇನೆ. ನಿನ್ನನ್ನು ತಡೆಯಲು ಅಲ್ಲ. ನಿನ್ನ ಒಟ್ಟಿಗೆ ಆ ಬಾಗಿಲು ದಾಟಲು ನೋಡುತ್ತಿರುವ ಅಮ್ಮನನ್ನೂ ಅಜ್ಜಿಯನ್ನೂ ಅಜ್ಜಿಯ ಅಮ್ಮನನ್ನೂ ತಡೆಯಲು.

ಯಾರಿಗೂ ಹೇಳಬೇಡ ಎಂದಿದ್ದೆಯಲ್ಲ. ರಿಪೋರ್ಟಿನ ವಿಷಯ ಇವತ್ತು ಬೆಳಿಗ್ಗೆ ಅಮ್ಮನಿಗೆ ಹೇಳಿಬಿಟ್ಟೆ. ಕ್ಲಿನಿಕ್ ವಿಷಯವನ್ನೂ. ಇಲ್ಲಿ ನಮ್ಮ ಅಡುಗೆಮನೆಯಲ್ಲಿ ಬಸಳೆ ಸೋಸುತ್ತಿದ್ದವಳು ಕೈ ನಿಲ್ಲಿಸದೆ, "ಹಾಗಾದ್ರೆ ನಮ್ಮದು ಇಲ್ಲಿಗೇ ಮುಗೀತಾ?" ಅಂದಳು. "ಮುಗಿದ್ರೆ ಮುಗೀಲಿ ಅಮ್ಮ. ಮಗು ಬೇಕು ಅಂತ ದೀಕ್ಷುವಿಗೆ ಉಂಟು. ನಿಮ್ಗೆ ಹೆದರಿ ಹೋಗ್ತಿದ್ದಾಳೆ" ಅಂದೆ. "ನಾನು ತೆಗೆಸು ಅಂತ ಹೇಳಿದ್ದೇನಾ?" ಎಂದು ಸಿಡುಕಿದಳು. "ಇಲ್ಲ. ಎರಡು ಸಲ ಬಾಣಂತನಕ್ಕೆ ಹೋದಾಗ್ಲೂ ಅವಳ ಎದುರು ನಿಟ್ಟುಸಿರು ಬಿಟ್ರಿ, ಸಾಕಲ್ಲ!" ಆಮೇಲೆ ಟಿವಿಯ ಸದ್ದು ಜೋರಾಯಿತು. ಮಧ್ಯಾಹ್ನ ಊಟಕ್ಕೆ ಕರೆದರೆ ನನ್ನನ್ನು ದಾಟಿ ಹೋಗಿ ತಾನೇ ಬಡಿಸಿಕೊಂಡಳು. ಈ ಮುನಿಸು ನನ್ನ ಪಾಲಿಗಿರಲಿ. ಅಮ್ಮ ನಿನಗೆ ಫೋನ್ ಮಾಡಿದರೆ ಎತ್ತಬೇಡ, ನಾನು ಅಲ್ಲಿಗೆ ಬಂದ ಮೇಲೆ ಎತ್ತಿದರೆ ಸಾಕು.

ಮಂಗಳವಾರ ಬೆಳಗಿನ ಫ್ಲೈಟಿಗೆ ಬರುತ್ತೇನೆ. ಅವಲಾನ್ ಏರ್‌ಪೋರ್ಟಿನಲ್ಲಿ ಇಳಿದರೆ ನಿಮ್ಮ ವಿಂಡಮ್ ವೇಲ್ ಹತ್ತಿರವಂತೆ. ನನ್ನನ್ನು ಕರೆದುಕೊಂಡು ಹೋಗಲು ಪ್ರತೀಕ್ ಬರುವುದು ಬೇಡ, ನೀನೇ ಬಾ. ದಾರಿಯಲ್ಲಿ ಎಲ್ಲಾದರೂ ಕಾರು ನಿಲ್ಲಿಸಿ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಬಳಿ ಎನ್ನುವುದೇ ಇಲ್ಲದಿದ್ದರೆ ಗುರುವಾರ ಏನು ಮಾಡುತ್ತಿದ್ದೆ? ಉತ್ತರ ಏನೇ ಆಗಿರಲಿ, ಹಾಗೇ ಮಾಡೋಣ.

ನಿನ್ನ ಅಕ್ಕ,
ಚಂದ್ರಪ್ರಭಾ

ತಾ.ಕ.: ಇದನ್ನು ಮೊದಲೇ ಬರೆದಿದ್ದರೆ ಮೇಲಿನ ಒಂದು ಸಾಲನ್ನೂ ನೀನು ಓದುತ್ತಿರಲಿಲ್ಲ. ನೀನು ಬೆರಳು ಚುಚ್ಚಿಕೊಂಡ ದಿನ ವಿಡಿಯೋದಲ್ಲಿ ಅಮ್ಮ, "ಶುಭಕಾರ್ಯ, ಗಂಡನ ಕೈ ತಾಗ್ಲಿ" ಅಂದಳಲ್ಲ, ಪ್ರತೀಕ್ ನಿನ್ನ ಬೆರಳು ಹಿಂಡಿ ರಕ್ತ ತುಂಬಿಸಿದನಲ್ಲ? ಗಂಡಸರು ಹತ್ತಿರವೂ ಬರಬಾರದು, ಅವರ ಚರ್ಮದ ಒಂದು ಕಣ ಬೆರೆತರೂ ಉತ್ತರ ಗಂಡು ಎಂದು ಬರಬಹುದು ಎಂದು ಕಿಟ್‌ನ ಸೂಚನೆಯಲ್ಲೇ ಇದೆ. ಹಾಗೆಂದು ನಿನ್ನದು ಹೆಣ್ಣು ಎಂದಲ್ಲ. ಯಾರಿಗೂ ಗೊತ್ತಿಲ್ಲ, ಅಷ್ಟೇ. ನೀನು ನಂಬುವುದಿಲ್ಲವೆಂದು ನಾನೂ ಅದೇ ಕಿಟ್ ತರಿಸಿದೆ. ನಿನ್ನ ಬಾವನ ಕೈಯಲ್ಲೇ ಬೆರಳು ಹಿಂಡಿಸಿ ರಕ್ತ ಕಳಿಸಿದೆ. ನಿನ್ನೆ ರಿಪೋರ್ಟ್ ಬಂತು. ಗರ್ಭಕೋಶ ತೆಗೆಸಿಕೊಂಡು ಕೂತ ನನಗೆ ಗಂಡು ಮಗುವಂತೆ, ಅಭಿನಂದನೆಗಳಂತೆ. ಬಾವ ಆಗಿನಿಂದ ಹೆಸರು ಹುಡುಕುತ್ತಿದ್ದಾರೆ.