ಕಾರಿನ ಸೀಟಿನ ಮೇಲೆ ಕುರಿಮರಿಯ ಹೆಜ್ಜೆ

ಮೊಳಕಾಲ್ಮೂರು
ಗುರುವಾರ

ವೀರೇಶ,

ಇದನ್ನು ಫೋನಿನಲ್ಲಿ ಹೇಳಲು ಹೋದರೆ ನನಗೆ ಅಳು ಬರುತ್ತದೆ. ನೀನು "ಅಳಬ್ಯಾಡ್ರಿ ಅತ್ಗೆಮ್ಮ" ಎನ್ನುತ್ತೀಯ. ಮಾತು ಅಲ್ಲಿಗೇ ಮುಗಿದುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮಂಗಳವಾರ ಮಗಳು ಕಾವ್ಯಳ ಮದುವೆ ಸೀರೆಗೆ ಕುಚ್ಚು ಕಟ್ಟಿಸಲು ನಾನೂ ಅವಳೂ ಚಳ್ಳಕೆರೆಗೆ ಹೋಗಿದ್ದೆವು. ಪಕ್ಕದ ಮನೆಯ ಪಾಪಕ್ಕನೂ ಜೊತೆಗಿದ್ದಳು. ಕೆಲಸ ಮುಗಿಸಿ ಬಸ್ ಸ್ಟ್ಯಾಂಡಿನ ಕಡೆ ಬರುವಾಗ ಒಂದು ಕಾರಿನ ಶೋರೂಮಿನ ಮುಂದೆ ಬಲೂನು, ಚೆಂಡುಹೂವಿನ ತೋರಣ ಕಟ್ಟಿದ್ದರು. ಹೊಸ ಕಾರು ಬಂದಿತ್ತು. ಗಾಜಿನ ಒಳಗೆ ದೊಡ್ಡ ಟೀವಿ.

"ಏ ಗೀತಮ್ಮ, ಇಲ್ ನೋಡೇ! ನಮ್ ವೀರೇಶ ಅಲ್ವೇನೆ ಅದು? ಕೋಟು ಹಾಕ್ಕಂಡು ಮದ್ಲಿಂಗನಂಗೆ ನಿಂತವ್ನೆ!" ಎಂದು ಪಾಪಕ್ಕ ಬೀದಿಯಲ್ಲೇ ಕೂಗಿದಳು.

ನನಗೆ ಹಿಗ್ಗಾಯಿತು ವೀರೇಶ. ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಮನೆಯ ಮಗ್ಗದ ಮುಂದೆ ಕೂತು ಬೆಳೆದವನು ಪರದೇಶದ ವೇದಿಕೆಯ ಮೇಲೆ ನಿಂತಿದ್ದಾನೆ ಎಂದು ನಾನೇ ಮೊದಲು ಒಳಗೆ ನುಗ್ಗಿದೆ. ಆ ಕಾರು ಇಂಡೋನೇಷ್ಯಾದಲ್ಲಿ, ಆಫ್ರಿಕಾದಲ್ಲಿ, ಇನ್ನೂ ಎಲ್ಲೆಲ್ಲೋ ಮಾರಾಟಕ್ಕೆ ಹೊರಟಿದೆ ಎಂದು ಟೀವಿಯಲ್ಲಿ ಹೇಳುತ್ತಿದ್ದರು. ಆಮೇಲೆ ನಿನ್ನ ಮಾತು ಕೇಳಿಸಿತು. "ಸೀಟಿನ ಮೇಲಿನ ಈ ಚಿತ್ತಾರ ನನ್ನ ಸ್ವಂತ ಕಲ್ಪನೆ. ನಮ್ಮ ನಾಡಿನ ಕಾಫಿ ಬೀಜ" ಎಂದೆ. ಅಷ್ಟರಲ್ಲಿ ಶೋರೂಮಿನ ಹುಡುಗಿ ಕಾರಿನ ಬಾಗಿಲು ತೆಗೆದಳು. ಸೀಟಿನ ಬಟ್ಟೆ ನೋಡಿದೆ.

ಕಾಫಿ ಬೀಜವೇ ವೀರೇಶ? ಮೊಳಕಾಲ್ಮೂರಿನವನ ಬಾಯಲ್ಲಿ ಕಾಫಿ ಬೀಜವೇ?

ಕಾವ್ಯ ಚಿಕ್ಕವಳಿದ್ದಾಗ ದೇವಸಮುದ್ರದಲ್ಲಿ ನನ್ನ ತವರಿನ ಕುರಿಗಳ ಹಿಂದೆ ನಡೆಯುತ್ತಾ, ಧೂಳಿನಲ್ಲಿ ಮೂಡಿದ ಮರಿಗಳ ಹೆಜ್ಜೆಯ ಮೇಲೆ ಬೆರಳಿಟ್ಟು ಆಡುತ್ತಿದ್ದಳು. ನಡುವೆ ಸೀಳಿರುವ ಪುಟ್ಟ ಗೊರಸಿನ ಗುರುತು. ಅದನ್ನೇ ನಿನ್ನ ಅಣ್ಣ ಅವಳ ಧಾರೆ ಸೀರೆಯ ಸೆರಗಿಗೆ ಬುಟ್ಟಾ ಮಾಡಿದರು. ಆಗ ಗಂಡು ಕೂಡ ಗೊತ್ತಾಗಿರಲಿಲ್ಲ. ಕಾಯಿಲೆ ಮೈಯಲ್ಲಿತ್ತು, ಅವರಿಗೆ ಅವಸರವಿತ್ತು. "ಅಣ್ಣ, ಕುರಿ ಹೆಜ್ಜೆ ಸೀರೆ ಉಟ್ಟೋಳ ಹಿಂದೆ ಅಳಿಯ ಮ್ಯಾ ಅನ್ಕಂಡು ಬರ್ತಾನೆ ನೋಡು" ಎಂದು ನೀನು ನಗಿಸುತ್ತಿದ್ದೆ. ಅವರು ಕೆಮ್ಮುತ್ತಲೇ ನಗುತ್ತಿದ್ದರು.

ಎರಡು ಅಂಚಿಗೆ ಎರಡು, ಒಡಲಿಗೆ ಒಂದು, ಹೀಗೆ ಮೂರು ಲಾಳಿಯ ಸೀರೆಗೆ ಒಬ್ಬರ ಕೈ ಸಾಲದು. ಈ ಅಂಚಿಗೆ ಅವರು, ಆ ಅಂಚಿಗೆ ನೀನು. ಅವರು ಎಸೆದ ಲಾಳಿ ನಿನ್ನ ಕೈಗೆ ಬರಬೇಕು, ನಿನ್ನದು ಅವರ ಕೈಗೆ. ಎಷ್ಟೋ ವರ್ಷ ಹಾಗೆ ಕೂತಿದ್ದಿರಿ. ನೇಯುವವನು ತೀರಿಕೊಂಡರೆ ಮಗ್ಗದ ಮೇಲಿನ ಸೀರೆಯನ್ನು ಕತ್ತರಿಸಬಾರದು, ಜೊತೆಗೆ ಲಾಳಿ ಎಸೆದವನೇ ಮುಗಿಸಿ ಇಳಿಸಬೇಕು ಎಂಬುದು ನಮ್ಮ ಮನೆಯ ಪದ್ಧತಿ. ಅವರು ಹೋದಾಗ ಸೆರಗು ಇನ್ನೂ ಅರ್ಧ ಉಳಿದಿತ್ತು. ತಿಥಿ ಮುಗಿದ ಮಾರನೆಯ ದಿನ ನೀನು ಬಂದು ಅವರ ಜಾಗದಲ್ಲಿ ಕೂತೆ. ನಿನ್ನ ಅಂಚಿಗೆ ನನ್ನನ್ನು ಕೂರಿಸಿಕೊಂಡೆ. ಅವರು ಕೊನೆಗೆ ನೇಯ್ದ ಬುಟ್ಟಾಗಳಲ್ಲಿ ಒಂದು ಸೊಟ್ಟಗಿತ್ತು, ಕೈ ನಡುಗಿತ್ತಲ್ಲ. ಬಿಚ್ಚಿ ಸರಿಮಾಡು ಎಂದು ನಾನು ಹೇಳಿದೆ. ನೀನು ತಲೆ ಎತ್ತಲಿಲ್ಲ. "ಬ್ಯಾಡ ಅತ್ಗೆಮ್ಮ. ಅಣ್ಣನ ಕೈ ಅದು. ಇರ್ಲಿ ಬಿಡ್ರಿ" ಎಂದೆ. ಆ ಮಾತಿಗೆ ನಾನು ನಿನ್ನನ್ನು ಹೊಟ್ಟೆಯಲ್ಲಿ ಹುಟ್ಟಿದವನಂತೆ ಕಂಡೆ.

ಸೀರೆ ಇಳಿಸಿದ ದಿನ ನೀನು ಅದನ್ನು ಅಂಗಳದಲ್ಲಿ ಹರಡಿ ಫೋಟೋ ತೆಗೆದೆ. ನೆನಪಿಗೆ ಎಂದೆ. ವಾರ ಕಳೆಯುವುದರೊಳಗೆ "ಅಣ್ಣ ಇಲ್ದ ಮಗ್ಗಕ್ಕೆ ಕೂರಕ್ಕಾಗಲ್ಲ" ಎಂದು ಹೇಳಿ, ಕಾರಿನ ಸೀಟಿನ ಬಟ್ಟೆ ಮಾಡುವ ಕಂಪನಿ ಸೇರಲು ಹೊರಟೆ. ದುಃಖಕ್ಕೆ ಹೊರಟಿದ್ದೀಯ ಎಂದುಕೊಂಡು ದಾರಿಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟೆ. ಏನನ್ನು ಕೈಯಲ್ಲಿ ಹಿಡಿದುಕೊಂಡು ಹೊರಟಿದ್ದೆ ಎಂದು ಈಗ ತಿಳಿಯಿತು.

ಆ ಸೊಟ್ಟ ಹೆಜ್ಜೆಯನ್ನೂ ಬಿಟ್ಟಿಲ್ಲವಲ್ಲೋ. ಎರಡೂ ಸೀಟುಗಳಲ್ಲಿ ಅದೇ ಜಾಗದಲ್ಲಿ ಅದೇ ಸೊಟ್ಟು. ಸಾಯುವ ಮನುಷ್ಯನ ಕೈನಡುಕದ ಮೇಲೆ ಇನ್ನು ಯಾರ್ಯಾರೋ ಬೆನ್ನು ಆನಿಸಿಕೊಂಡು ಕೂರುತ್ತಾರೆ. ಕೇಳಿದ್ದರೆ ಕೊಡುತ್ತಿದ್ದೆನೋ ಏನೋ. ನಿನ್ನ ಅಣ್ಣನ ಹೆಸರು ಹೇಳು ಎಂದಷ್ಟೇ ಕೇಳುತ್ತಿದ್ದೆ.

ಪಾಪಕ್ಕ ಸುಮ್ಮನಿರಲಾರದೆ ಚೀಲದಿಂದ ಸೀರೆ ತೆಗೆದು ಸೀಟಿನ ಪಕ್ಕ ಹಿಡಿದಳು. ಶೋರೂಮಿನ ಹುಡುಗಿ ಚಪ್ಪಾಳೆ ತಟ್ಟಿದಳು. "ವಾವ್, ನಮ್ಮ ಕಾರಿನ ಡಿಸೈನ್ ನೋಡ್ಕೊಂಡು ಸೀರೆ ಮಾಡಿಸಿದೀರಾ? ಒಂದು ಫೋಟೋ ಆಂಟಿ, ಪ್ಲೀಸ್!" ಎಂದಳು. ಇದು ನಮ್ಮಪ್ಪ ನೇಯ್ದಿದ್ದು ಎಂದಳು ಕಾವ್ಯ. "ಹೌದಾ? ಎಷ್ಟು ಚೆನ್ನಾಗಿ ಕಾಪಿ ಮಾಡಿದಾರೆ!" ಎಂದಿತು ಆ ಹುಡುಗಿ. ಅದರ ತಪ್ಪೇನೂ ಇಲ್ಲ. ಕಾವ್ಯ ಸೀರೆ ಕಿತ್ತುಕೊಂಡು ಹೊರಗೆ ನಡೆದಳು.

ಬಸ್ಸು ಹತ್ತಿದ ಮೇಲೆ ಸೀರೆಯನ್ನು ಮಡಿಸಿ ನನ್ನ ಮಡಿಲಿಗೆ ಹಾಕಿದಳು. ಆಮೇಲೆ, "ಅವ್ವ, ನಾನು ಇದನ್ನ ಧಾರೆಗೆ ಉಡಲ್ಲ. ಮಂಟಪದಾಗೆ ನೋಡ್ದೋರೆಲ್ಲ ಕಾರು ನೆನಸ್ಕಂತಾರೆ. ಅಪ್ಪನ್ನ ಯಾರು ನೆನಸ್ತಾರೆ?" ಎಂದಳು. ಅಪ್ಪ ಇಲ್ಲದ ಮದುವೆಯಲ್ಲಿ ಆ ಸೀರೆಯಾದರೂ ಅವಳ ಮೈಮೇಲೆ ಇರುತ್ತದೆ ಎಂದು ನಾನು ಧೈರ್ಯ ತಂದುಕೊಂಡಿದ್ದೆ.

ಇವತ್ತು ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು. ಕಾವ್ಯ ಕೊಡ ಹಿಡಿದು ಹೊರಟಳು. ಅದೇ ಸೀರೆ ಉಟ್ಟಿದ್ದಳು.

"ಏನೇ ಹುಡ್ಗಿ, ತಲೆ ಕೆಟ್ಟೈತಾ? ಧಾರೆ ಸೀರೆ ಉಟ್ಕಂಡು ನೀರು ಹಿಡಿಯಾಕೆ ಬಂದೀಯ!" ಎಂದು ಪಾಪಕ್ಕ ಬಾಯಿ ಮಾಡಿದಳು.

"ಧಾರೆಗೆ ಅಂಗಡಿ ಸೀರೆ ತರ್ತೀವಿ ಪಾಪಕ್ಕ. ಇದು ನಮ್ಮಪ್ಪ ತಿಪ್ಪೇರುದ್ರ ನೇಯ್ದಿದ್ದು, ಕುರಿಮರಿ ಹೆಜ್ಜೆ. ಆ ಕಾರು ನಮ್ಮ ಬೀದಿಗೆ ಬರೋದ್ರೊಳಗೆ ಎಲ್ರೂ ನೋಡ್ಬಿಡ್ಲಿ."

ನೀರು ತಂದವಳು ಹಾಗೆಯೇ ಹಿಟ್ಟಿನ ಗಿರಣಿಗೆ ಹೋದಳು, ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಳು. ನೇಕಾರರ ಬೀದಿಯಲ್ಲಿ ಮಗ್ಗ ನಿಲ್ಲಿಸಿ ಎದ್ದು ಬಂದವರು ಸೆರಗು ಹಿಡಿದು ನೋಡಿದರಂತೆ. ಕೇಳಿದವರಿಗೆ, ಕೇಳದವರಿಗೆ, ಎಲ್ಲರಿಗೂ ಅಪ್ಪನ ಹೆಸರು ಹೇಳಿದ್ದಾಳೆ. ಮಧ್ಯಾಹ್ನ ಬರುವಾಗ ಅಂಚಿಗೆ ಕೆಸರು, ಸೆರಗಿಗೆ ಹಿಟ್ಟು. ಜರಿ ಇನ್ನು ಹೊಳೆಯುವುದಿಲ್ಲ. ನಾನು ಬೈಯಲಿಲ್ಲ. ನಾಳೆಯೂ ಉಡುತ್ತಾಳಂತೆ.

ಮದುವೆಗೆ ನಿನ್ನನ್ನು ಕರೆಯುತ್ತಿಲ್ಲ. ಊರಿಗೆ ಬಂದರೆ ನಮ್ಮ ಬಾಗಿಲಿಗೆ ಬರಬೇಡ. ನಿನ್ನ ಹೆಂಡತಿ ಮಕ್ಕಳು ತಣ್ಣಗಿರಲಿ, ಅವರಿಗೆ ಕೆಟ್ಟದ್ದು ಬಯಸಲು ನನ್ನಿಂದಾಗದು. ಆದರೆ ಇನ್ನು ಮುಂದೆ ನನ್ನನ್ನು ಅತ್ತಿಗೆ ಎನ್ನಬೇಡ.

ಇಂತಿ,
ತಿಪ್ಪೇರುದ್ರನ ಹೆಂಡತಿ
ಗೀತಮ್ಮ