ಮೂರನೇ ಭಾನುವಾರದ ಪ್ರಕಟಣೆ

ಪೂಜ್ಯ ಫಾದರ್,

ನನ್ನ ಮದುವೆಯ ಪ್ರಕಟಣೆಯನ್ನು ಎರಡು ಭಾನುವಾರ ಚರ್ಚಿನಲ್ಲಿ ಓದಿದ್ದೀರಿ. ಅಡ್ಡಿಯೇನಾದರೂ ಗೊತ್ತಿದ್ದವರು ತಿಳಿಸಬೇಕು ಎಂದಿರಿ. ಯಾರೂ ತುಟಿ ಬಿಚ್ಚಲಿಲ್ಲ. ಅದಕ್ಕೇ ನಾನೇ ಬರೆಯುತ್ತಿದ್ದೇನೆ.

ನನ್ನ ಅಜ್ಜ ಇನ್ನೊಂದು ಮನೆ ಮಾಡಿಕೊಂಡಿದ್ದರು. ಅಜ್ಜಿಗೆ ಅದು ತಿಳಿದದ್ದು ಅವರ ಅಂಗಿಯ ವಾಸನೆಯಿಂದ. ಆ ಅಜ್ಜಿಯ ಮಗಳು, ನನ್ನ ಅಮ್ಮ, ಅಪ್ಪನ ಅಂಗಿಯನ್ನು ಮೂವತ್ತು ವರ್ಷ ಮೂಸಿದಳು. ಅಪ್ಪ ತಪ್ಪಿಯೂ ದಾರಿ ತಪ್ಪಿದವರಲ್ಲ. "ಇವತ್ತಾದ್ರೂ ಏನಾದ್ರೂ ಸಿಕ್ತೇನೇ?" ಎಂದು ನಗುತ್ತಿದ್ದರು. ಬರಬರುತ್ತಾ ನಗುವುದನ್ನೂ ಬಿಟ್ಟರು.

ಮೊನ್ನೆ ನಾನು ಕೈಹಿಡಿಯಲಿರುವ ಬಡಗಿ ಗುಂಡಿ ಹೊಲಿಯಲು ಅಂಗಿ ಕೊಟ್ಟರು. ಮೂಸಿದೆ. ಬರೀ ಸೋಪಿನ ವಾಸನೆ. ಮರದ ಪುಡಿಯ ವಾಸನೆ ಎಲ್ಲಿ ಹೋಯಿತು, ಏನನ್ನು ತೊಳೆದುಕೊಂಡು ಬಂದರು ಎಂದು ಇಡೀ ದಿನ ತಲೆ ಕೆಡಿಸಿಕೊಂಡೆ. ಅಡ್ಡಿ ಅವರಲ್ಲಿಲ್ಲ ಫಾದರ್, ನನ್ನ ಮೂಗಿನಲ್ಲಿದೆ.

ಅಪ್ಪನ ಪಾಡು ಅವರಿಗೆ ಬರಬಾರದು. ಮೂರನೇ ಪ್ರಕಟಣೆಯನ್ನು ಒಂದು ವಾರ ಮುಂದಕ್ಕೆ ಹಾಕಿ. ಅಷ್ಟರಲ್ಲಿ ಬಂದು ಪಾಪನಿವೇದನೆ ಮಾಡುತ್ತೇನೆ. ಅವರಿಗೂ ನಾನೇ ಹೇಳುತ್ತೇನೆ.

ಅಂದ ಹಾಗೆ, ಶನಿವಾರ ಅವರೂ ನಿಮ್ಮಲ್ಲಿ ಪಾಪನಿವೇದನೆಗೆ ಬಂದಿದ್ದರಂತೆ. ಏನು ಹೇಳಿದರೆಂದು ನೀವು ಬಾಯಿಬಿಡುವಂತಿಲ್ಲ, ಗೊತ್ತು. ತುಂಬಾ ಹೊತ್ತು ಹಿಡಿಯಿತೇ? ಅಷ್ಟು ತಿಳಿಸಿದರೆ ಸಾಕು.

ಇಂತಿ,
ನೀವು ಈಗಾಗಲೇ ಎರಡು ಸಲ ಹೆಸರು ಓದಿರುವ ಮದುಮಗಳು