ತೊಂಬತ್ತು ನಿಮಿಷದ ಪರೀಕ್ಷೆ

ಫೆಬ್ರವರಿ 3, ಬೆಳಗ್ಗೆ 6
ಮತ್ತೆ ಅದೇ ಕನಸು. ಕಾರಿನ ಮಗು-ಸೀಟಿನ ಬಕಲ್ ಬಿಚ್ಚಲು ಬರುತ್ತಿಲ್ಲ. ಒತ್ತುತ್ತೇನೆ, ಒತ್ತುತ್ತೇನೆ... ಒಳಗೆ ಮಗು ಇಲ್ಲ, ನಾನೇ ಇದ್ದೇನೆ. ಎದ್ದಾಗ ಹೆಬ್ಬೆರಳು ನೋಯುತ್ತಿತ್ತು.

ಡುಲುತ್ ಆಸ್ಪತ್ರೆಯಲ್ಲಿ ಮೂವತ್ತೆಂಟನೆಯ ದಿನ. ಇವತ್ತು ನನ್ನ ಮಗು ಟಿಲ್ಡಾಳಿಗೆ ಪರೀಕ್ಷೆ. ತಿಂಗಳು ತುಂಬದೆ ಹುಟ್ಟಿದವರನ್ನು ಅವರವರ ಕಾರಿನ ಸೀಟಿನಲ್ಲಿ ತೊಂಬತ್ತು ನಿಮಿಷ ಕೂರಿಸಿ ಉಸಿರು ನೋಡುತ್ತಾರೆ. ಪಾಸಾದರೆ ಮನೆ. ಇಲ್ಲವಾದರೆ ಇಲ್ಲೇ. ಹತ್ತನೆಯ ತರಗತಿಯನ್ನೂ ಮುಗಿಸದವಳು ನಾನು; ನನ್ನ ಮಗಳಿಗೆ ನಾಲ್ಕೂವರೆ ಪೌಂಡ್ ತೂಕಕ್ಕೇ ಪರೀಕ್ಷೆ.

ಮಧ್ಯಾಹ್ನ 1
ಫೇಲ್. ಐವತ್ತೆರಡನೆಯ ನಿಮಿಷ. ಗಲ್ಲ ಎದೆಗೆ ಇಳಿಯಿತು, ಉಸಿರು ಅಳೆಯುವ ಯಂತ್ರ ಕೂಗಿತು. ತುಟಿ ನೀಲಿ. ನರ್ಸ್ ಬರ್ನಿಸ್ ತಲೆ ಎತ್ತಿ ಹಿಡಿದಳು. ಬಣ್ಣ ಬಂತು.

"ಸೀಟಿನೊಳಗೆ ನೀನೇನಾದ್ರೂ ಸೇರ್ಸಿದ್ದೀಯೇನಮ್ಮಾ? ದಿಂಬು, ಬಟ್ಟೆ?"

"ಇಲ್ಲ." ಬಾಯಿ ತಾನಾಗಿ ಹೇಳಿತು.

ಸೇರಿಸಿದ್ದೇನೆ. ಸೀಟಿನ ಬೆನ್ನು ಮುಟ್ಟಿದರೆ ಹಲಗೆಯಷ್ಟು ಗಟ್ಟಿ. ಅವಳ ತಲೆ ಕಿತ್ತಳೆಯಷ್ಟು. ದೋಣಿ ಮುಚ್ಚುವ ಕ್ಯಾನ್ವಾಸ್ ಹೊಲಿಯುವವಳು ನಾನು — ಕವರಿನ ಒಳಗಡೆ ಎರಡು ಪದರ ಉಣ್ಣೆ ಇಟ್ಟು ಹೊಲಿದೆ. ಕಂಪನಿಯದೇ ಅನ್ನಬೇಕು, ಹಾಗೆ. ಯಾರಿಗೂ ಗೊತ್ತಾಗುವುದಿಲ್ಲ. ಅದೇ ಈಗ ಭಯ.

ಫೆಬ್ರವರಿ 4
ಸೀಟಿನ ಸೂಚನೆಯ ಪುಸ್ತಕ ಓದಿದೆ. ಬೆರಳಿಟ್ಟು, ಸಾಲು ಸಾಲಾಗಿ. ಮೊದಲು ಚಿತ್ರ ಮಾತ್ರ ನೋಡಿದ್ದೆ. ಹದಿನೇಳನೆಯ ಪುಟ: ಸೀಟಿನ ಜೊತೆ ಬಾರದ್ದನ್ನು ಒಳಗೆ ಸೇರಿಸಬಾರದು. ತಲೆಯ ಹಿಂದೆ ದಪ್ಪವಾದರೆ ಗಲ್ಲ ಮುಂದಕ್ಕೆ ಬೀಳುತ್ತದೆ, ಉಸಿರು ಕಟ್ಟುತ್ತದೆ.

ನಾನೇ.

ಸೀಟು ಆಸ್ಪತ್ರೆಯವರ ಕಪಾಟಿನಲ್ಲಿದೆ. ಬೀಗ. ಕದ್ದು ಬಿಚ್ಚುವಂತಿಲ್ಲ. ಹೇಳಿದರೆ ಸುಳ್ಳು ಹೇಳುವ ತಾಯಿ ಎಂದು ಬರೆದುಕೊಳ್ಳುತ್ತಾರೆ, ಮಗುವನ್ನೇ ಕೊಡದಿದ್ದರೆ? ಹೇಳದಿದ್ದರೆ ನಾಡಿದ್ದಿನ ಮರುಪರೀಕ್ಷೆಯಲ್ಲಿ ಮತ್ತೆ ನೀಲಿ.

ಗಂಡ ಏರೊ ಬಂದ. ಹಿಮ ತಳ್ಳುವ ಲಾರಿ ಇಳಿದು ನೇರ ನಮ್ಮಿಬ್ಬರ ಹತ್ತಿರ. "ಕಾರಲ್ಲಿ ಮಗು-ಸೀಟಿನ ತಳ ಫಿಟ್ ಮಾಡ್ದೆ ಕಣೇ ಕೈಸಾ. ಹಿಂದಿನ ಸೀಟು ಇಳಿಜಾರು. ಈಜೋ ಮಕ್ಳು ಹಿಡ್ಕೊಳ್ತಾವಲ್ಲ ಸ್ಪಂಜಿನ ಕೋಲು, ಒಂದು ತುಂಡು ಕುಯ್ದು ಅಡೀಗೆ ಕೊಟ್ಟೆ. ಸೀಟಿನ ಓರೆ ತೋರ್ಸೋ ರಸಮಟ್ಟದ ಗುಳ್ಳೆ ಈಗ ಎರಡು ಗೆರೆ ಮಧ್ಯೆ ರಾಜನ ಥರ ಕೂತಿದೆ."

"ಕೋಲು ಸೇರಿಸ್ಬಹುದಾ?"

"ಬುಕ್ಕಲ್ಲೇ ಇದೆ ಮಾರಾಯ್ತಿ. ಬೆಲ್ಟು ಮಗೂಗಲ್ಲ, ನಿನಗೆ ಹಾಕ್ಬೇಕು." ನಕ್ಕ. ಆಮೇಲೆ ಮೆಲ್ಲಗೆ: "ಶ್ವಾಸಕೋಶ ಇನ್ನೂ ಬಲಿತಿಲ್ವಂತಾ?"

ಹೌದೆಂದು ತಲೆಯಾಡಿಸಿದೆ. ಅವನಿಗೂ ಸುಳ್ಳು.

ಫೆಬ್ರವರಿ 6
ಬರ್ನಿಸ್ ಟಿಲ್ಡಾಳನ್ನು ಸೀಟಿಗೆ ಇಳಿಸುತ್ತಿದ್ದಳು. ಪಟ್ಟಿ ಭುಜಕ್ಕೆ ಬಂತು. ನನ್ನ ಕೈ ಬಕಲ್ ಮೇಲೆ ಬಿತ್ತು. "ಬೇಡ. ಒಳಗೆ ಉಣ್ಣೆ ಇದೆ. ನಾನೇ ಹೊಲಿದೆ."

ಮಗುವನ್ನು ನನ್ನ ಕೈಗಿಟ್ಟು ಕವರು ತಿರುಗಿಸಿ ನೋಡಿದಳು. ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಇಷ್ಟು ಚೆನ್ನಾಗಿ ಹೊಲೀಬಾರ್ದಿತ್ತಮ್ಮಾ ನೀನು." ಕತ್ತರಿ ಕೊಟ್ಟಳು. "ಬಿಚ್ಚು. ಒಂದು ದಾರಾನೂ ಉಳೀಬಾರ್ದು."

ಫೈಲಿನಲ್ಲಿ ಬರೆದುಕೊಂಡಳು ಕೂಡ. ಏನೆಂದು ಕೇಳಲು ಧೈರ್ಯ ಬರಲಿಲ್ಲ.

ತೊಂಬತ್ತು ನಿಮಿಷ. ಯಂತ್ರ ಕೂಗಲಿಲ್ಲ.

ಫೆಬ್ರವರಿ 7, ಮಧ್ಯಾಹ್ನ, ಕಾರಿನಲ್ಲಿ
ಹಿಂದಿನ ಸೀಟು. ಅಕ್ಷರ ಕುಣಿಯುತ್ತಿದೆ. ಟಿಲ್ಡಾ ಪಕ್ಕದಲ್ಲಿ, ಹಿಮ್ಮುಖವಾಗಿ. ದಪ್ಪ ಕೋಟು ಹಾಕಿಲ್ಲ, ಪಟ್ಟಿಯ ಮೇಲೆ ಕಂಬಳಿ. ಯಂತ್ರ ಅಲ್ಲೇ ಉಳಿಯಿತು. ಈಗ ಯಂತ್ರ ನಾನು.

ಏರೊಗೆ ಉಣ್ಣೆಯ ವಿಷಯ ಹೇಳಿಬಿಟ್ಟೆ. ಕಾರಿನ ವೇಗ ತಗ್ಗಿಸಿದ. ಆಮೇಲೆ, "ನಾನಾಗಿದ್ರೆ ಬಾಯಿ ಬಿಡ್ತಾನೇ ಇರ್ಲಿಲ್ವೇನೋ" ಎಂದ. ಕನ್ನಡಿಯಲ್ಲಿ ನನ್ನನ್ನು ನೋಡಲಿಲ್ಲ.

ದಾರಿ ನಡುವೆ ಕಾರು ನಿಲ್ಲಿಸಬೇಕು ಎಂದು ಬರ್ನಿಸ್ ಹೇಳಿದ್ದಳು. ಎರಡು ಸಲ ನಿಲ್ಲಿಸಿದೆವು. ಆದರೂ ಮನೆಗೆ ಎರಡು ಗಂಟೆ ದಾರಿ. ಪಾಸಾಗಿದ್ದು ತೊಂಬತ್ತು ನಿಮಿಷಕ್ಕೆ. ಉಳಿದ ಅರ್ಧ ಗಂಟೆಯನ್ನು ಯಾರು ಪರೀಕ್ಷೆ ಮಾಡಿದರು?

ಎಂಬತ್ತೆಂಟನೆಯ ನಿಮಿಷ. ಗಲ್ಲ ಇಳಿಯಿತೇ? ಇಲ್ಲ. ಇಳಿದ ಹಾಗೆ...

ಕೂಗಿ ಹೇಳಿದೆ, ಬರೆಯುತ್ತಲೂ ಇದ್ದೇನೆ — ಏರೊ, ನಿಲ್ಸು, ಆ ಗುಳ್ಳೆ ಗೆರೆ ಮಧ್ಯೆ ಇದ್ಯಾ ನೋಡು, ಆಗ್ಲೇ ನೋಡ್ದೆ ಅನ್ಬೇಡ, ಇನ್ನೊಂದ್ಸಲ